ಸುಂದರಬಾಯಿಯ ಎಂಟನೆಯ ಕೋಟು

೨೦ ನವೆಂಬರ್ ೨೦೧೫, ಶುಕ್ರವಾರ. ಬೆಳಿಗ್ಗೆ ಔರಾದದ ದಿಕ್ಕಿನಲ್ಲಿ ಬೂದು ಮೋಡ ಕಾಣಿಸಿತು. ಒಂಬತ್ತರ ಹೊತ್ತಿಗೆ ಒಣಗಾಳಿ ಅದನ್ನು ಚದುರಿಸಿತು. ಹನಿ ಬೀಳಲಿಲ್ಲ.

ಹತ್ತೂವರೆಯ ಬಸ್ಸಿನಿಂದ ಸುಂದರಬಾಯಿ ಬೀದರಿನ ನಿಲ್ದಾಣದಲ್ಲಿ ಇಳಿದಳು. ತಲೆಯ ಮೇಲೆ ಒಂಬತ್ತು ಕೋಟುಗಳ ಗಂಟು, ಹಿಂದೆ ಗೆಳತಿ ಮರಿಯಮಬೀ. ಗಂಟನ್ನು ಬಸ್ಸಿನ ಮೇಲೆ ಹಾಕಲು ಆಕೆ ಒಪ್ಪಿರಲಿಲ್ಲ. ಎರಡು ತಾಸು ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದಳು.

ಸುಂದರಬಾಯಿಗೆ ಈಗ ನಲವತ್ತನಾಲ್ಕು ವರ್ಷ. ತವರು ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿ. ಕೊಟ್ಟದ್ದು ಔರಾದದ ಆಚೆ, ಗಡಿಗೆ ಹತ್ತಿದ ಒಂದು ಹಳ್ಳಿಗೆ. ಗಂಡ ಧೊಂಡಿಬಾ ಕುರಿ ಕಾಯುತ್ತಾನೆ. ಸಾಲೆ ನಾಲ್ಕನೆಯ ಇಯತ್ತೆಗೆ ನಿಂತಿತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದನ್ನು ಕಲಿಸಿದವಳು ಅತ್ತೆ ಸತ್ಯಮ್ಮ. ಭಾಲ್ಕಿಯಲ್ಲಿ ನಾನು ನಡೆಸುವ ಹೊಲಿಗೆ ತರಗತಿಗೆ ಆರು ವರ್ಷದ ಹಿಂದೆ ಬಂದಾಗ ಆಕೆಗೆ ಯಂತ್ರದ ಮೇಲೆ ಕಾಲು ಓಡುತ್ತಿರಲಿಲ್ಲ. ಕೈ ಮಾತ್ರ ನನ್ನ ಕೈಗಿಂತ ನೇರವಾಗಿತ್ತು. ನಾನು ಕೋಟಿನ ಅಳತೆ ಮತ್ತು ಕತ್ತರಿಸುವ ಕ್ರಮ ಹೇಳಿಕೊಟ್ಟೆ. ಆಕೆ ಊರಿಗೆ ಹೋಗಿ, ಚಳಿಯಲ್ಲಿ ಕುರಿಯ ಹಿಂದೆ ತಿರುಗುವ ಗಂಡನಿಗಾಗಿ ಕೌದಿಯಿಂದಲೇ ಒಂದು ಕೋಟು ಮಾಡಿದಳು. ಅದನ್ನು ಕಂಡವರು ಕೇಳಿದರು. ಹೀಗೆ ಹನ್ನೊಂದು ಹೆಂಗಸರ ಗುಂಪಾಯಿತು.

ಈ ವರ್ಷ ಆ ಊರಲ್ಲಿ ಬಾವಿಗಳು ದಸರೆಗಿಂತ ಮೊದಲೇ ಬತ್ತಿದವು. ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಮಂದಿಯನ್ನು ಒಯ್ಯುವ ಮುಕಾದಮನ ಟೆಂಪೊ ಸೋಮವಾರ ಬರುವುದಿತ್ತು. ಹನ್ನೊಂದು ಜನರ ಹೆಸರೂ ಅವನ ಪಟ್ಟಿಯಲ್ಲಿತ್ತು. ಕೋಟಿಗೆ ಬೇಡಿಕೆ ಬಂದರೆ ಹೆಸರು ಹೊಡೆದುಹಾಕಿಸುತ್ತೇವೆ ಎಂದು ಸುಂದರಬಾಯಿ ಅವನಿಗೆ ಹೇಳಿ ಬಂದಿದ್ದಳು.

ಬೇಡಿಕೆ ಬರಬೇಕಾದದ್ದು ಬೀದರಿನ ಫ್ಯಾಷನ್ ವೀಕಿನಿಂದ. ಹೆಸರಿಗೆ ವಾರ, ನಡೆಯುವುದು ಮೂರು ದಿನ. ಹೈದರಾಬಾದಿನ ಒಂದು ಕಂಪನಿ ಫಂಕ್ಷನ್ ಹಾಲ್ ಹಿಡಿದು ನಡೆಸುತ್ತಿತ್ತು. ಇಲ್ಲಿಯ ಉಸ್ತುವಾರಿ ಬಟ್ಟೆ ಅಂಗಡಿಯ ಅಮೀರ ಪಾಶಾ ಅವರದು. ನಿಯಮಗಳನ್ನು ನಾನು ಎರಡು ಸಲ ಓದಿದೆ. ಸ್ವಂತ ಹೆಸರಿನಲ್ಲಿ ಉಡುಪು ತೋರಿಸುವವರು ಹದಿನೈದು ಸಾವಿರ ರೂಪಾಯಿ ಕಟ್ಟಬೇಕು, ಕನಿಷ್ಠ ಎಂಟು ಉಡುಪು ತರಬೇಕು. ಕಟ್ಟಲಾರದ ಹಳ್ಳಿಯವರ ಕೆಲಸವನ್ನು ನಗರದ ಒಬ್ಬ ವಿನ್ಯಾಸಕ ತನ್ನ ಹೆಸರಿನಲ್ಲಿ ತೋರಿಸುತ್ತಾನೆ. ಆಗ ಬೇಡಿಕೆ ಅವನಿಗೆ ಹೋಗುತ್ತದೆ, ಹೊಲಿಗೆ ಅವನ ಕಾರಖಾನೆಯಲ್ಲಿ ಆಗುತ್ತದೆ.

ದಾರಿ ತೋರಿಸಿದವಳು ಅಬೆನಾ. ಘಾನಾ ದೇಶದವಳು, ಹೈದರಾಬಾದಿನಲ್ಲಿ ಉಡುಪು ವಿನ್ಯಾಸ ಓದುತ್ತಿದ್ದಾಳೆ. ಅತಿಥಿ ಎಂದು ಅವಳಿಗೆ ವೇದಿಕೆಯ ಮೇಲೆ ಅರ್ಧ ತಾಸು ಉಚಿತವಾಗಿ ಸಿಕ್ಕಿತ್ತು. ಅದರಲ್ಲಿ ಹದಿನೈದು ನಿಮಿಷ ಸುಂದರಬಾಯಿಗೆ ಬಿಟ್ಟುಕೊಟ್ಟಳು. ಯಾಕೆ ಎಂದು ನಾನು ಕೇಳಿದ್ದೆ. ಹೈದರಾಬಾದಿನಲ್ಲಿ ಕಲಿತ ಹಿಂದಿಯಲ್ಲಿ ಅವಳು ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದೇನೆ: "ನನ್ನೂರಲ್ಲೂ ಹೀಗೇ. ಬಟ್ಟೆ ನಮ್ಮದು, ದೀಪ ಹೊರಗಿನವರ ಮೇಲೆ. ನನ್ನ ತಾಯಿ ದರ್ಜಿ. ಅವಳು ಹೊಲಿದ ಉಡುಪು ವೇದಿಕೆಗೆ ಹೋದಾಗ ಅವಳನ್ನು ಬಾಗಿಲಲ್ಲೇ ನಿಲ್ಲಿಸಿದರು, ಟಿಕೆಟ್ ಇರಲಿಲ್ಲ ಎಂದು."

ಅಮೀರ ಪಾಶಾ ಒಪ್ಪಿದರು, ಒಂದು ಷರತ್ತಿನೊಡನೆ. "ಪೈಸಾ ಮಾಫ್ ರೀ ಮೇಡಂ. ಆದ್ರ ಎಂಟು ಅಂದ್ರ ಎಂಟು. ಏಳು ಆದ್ರ ಮ್ಯಾಲಿನವರು ನನ್ನ ಕುತ್ಗಿ ಹಿಡೀತಾರ. ಶನಿವಾರ ಐದಕ್ಕ ಎಣಸ್ತೇನಿ."

ಒಂಬತ್ತು ತಂದಿದ್ದೆವು. ಗಂಟನ್ನು ಫಂಕ್ಷನ್ ಹಾಲಿನ ಹಿಂದಿನ ಕೋಣೆಯಲ್ಲಿಟ್ಟು ಬೀಗ ಹಾಕಿಸಿ, ಮೂವರೂ ನನ್ನ ತಂಗಿಯ ಮನೆಗೆ ಹೋದೆವು. ಅದು ಮದುವೆಯ ಅಕ್ಕಿ ಮೂಟೆಗಳನ್ನಿಡುವ ಕೋಣೆ ಎಂಬುದನ್ನು ನಾನು ಗಮನಿಸಿದ್ದೆ. ಗಮನಿಸಿಯೂ ಗಂಟನ್ನು ಅಲ್ಲೇ ಬಿಟ್ಟೆ.

೨೧ ನವೆಂಬರ್, ಶನಿವಾರ. ಬಿಸಿಲು. ಗಾಳಿ ಇಲ್ಲ.

ಹತ್ತೂವರೆಗೆ ಬೀಗ ತೆಗೆಸಿದಾಗ ಮರಿಯಮಬೀ ಮೊದಲು ಒಳಗೆ ಹೋದಳು. "ಯಾ ಅಲ್ಲಾ" ಎಂದದ್ದಷ್ಟೇ ಕೇಳಿಸಿತು.

ಇಲಿ ಗಂಟನ್ನು ಕಡಿದು ಒಳಹೊಕ್ಕಿತ್ತು. ಮೂರು ಕೋಟುಗಳ ಬೆನ್ನಿನಲ್ಲಿ, ಕಾಲರಿನ ಕೆಳಗೆ, ಅಂಗೈ ಅಗಲದ ತೂತು. ಬೇರೆಲ್ಲೂ ಹಲ್ಲು ತಾಗಿರಲಿಲ್ಲ. ಮೂರರಲ್ಲೂ ಅದೇ ಜಾಗ.

ಅದು ಯಾಕೆಂದು ನನಗೆ ತಕ್ಷಣ ಗೊತ್ತಾಯಿತು. ಆ ಭಾಗದ ಹೆಂಗಸರು ಕೌದಿಯನ್ನು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ. ಕೊನೆಯ ತುಂಡನ್ನು ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ ಇಡುತ್ತಾರೆ. ಹೊಟ್ಟೆ ತುಂಬದ ಕೌದಿಯನ್ನು ಯಾರೂ ಮನೆಯಿಂದ ಕಳಿಸುವುದಿಲ್ಲ. ಕೋಟು ಮಾರಾಟಕ್ಕೆ ಹೋಗುವ ವಸ್ತು, ಇದರಲ್ಲಿ ರೊಟ್ಟಿ ಬೇಡ ಎಂದು ನಾನು ಸ್ಪಷ್ಟವಾಗಿ ಹೇಳಿದ್ದೆ. ಹನ್ನೊಂದು ಮಂದಿಯೂ ತಲೆಯಾಡಿಸಿದ್ದರು.

"ಯಾರು ಇಟ್ಟಿದ್ದು?" ಎಂದೆ.

ಮರಿಯಮಬೀ ನೆಲ ನೋಡಿದಳು. "ಒಂದು ನಂದು ರೀ ಅಕ್ಕೋರ. ಎರಡು ಯಾರ್ದೋ ಗೊತ್ತಿಲ್ಲ. ಇಂಥಾ ಬರಗಾಲದಾಗ ಪರಊರಿಗಿ ಹೋಗ್ಲತ್ತದ, ಹಸಿದು ಹ್ಯಾಂಗ ಕಳಸ್ಲಿ? ಸಣ್ಣ ಚೂರು, ಉಗುರಿನಷ್ಟು."

"ಉಗುರಿನಷ್ಟು ಇಟ್ಟಿ, ಊರಷ್ಟು ಹೋತು!" ಸುಂದರಬಾಯಿ ಕೋಟನ್ನು ಬೆಳಕಿಗೆ ಹಿಡಿದಳು. "ನಿನ್ನ ಮದಿವ್ಯಾಗ ಇಷ್ಟು ಬಡಿಸಿದ್ದಿಲ್ಲ ನೀ. ಇಲಿಗಿ ಬಡಿಸಿದಿ."

"ಬೈ, ಬೈ. ಬೈಕೋತ ಸೂಜಿಗಿ ದಾರ ಪೋಣಸು."

ಉಳಿದದ್ದು ಆರು. ಐದು ಗಂಟೆಗೆ ಎಂಟು ಇರದಿದ್ದರೆ ಆರೂ ನಗರದ ವಿನ್ಯಾಸಕನ ಸಾಲಿಗೆ ಹೋಗುತ್ತವೆ. ಸೋಮವಾರ ಹನ್ನೊಂದು ಜನ ಟೆಂಪೊ ಹತ್ತುತ್ತಾರೆ. ಒಂದು ತೂತನ್ನು ಮೂರು ಪದರದಲ್ಲಿ ತುಂಬಿ, ಹಳೆಯ ಹೊಲಿಗೆಗೆ ಸೇರುವಂತೆ ಸಾಲು ಹಾಕಲು ಇಬ್ಬರು ಕುಳಿತರೂ ಐದಾರು ತಾಸು ಬೇಕು. ನಮಗಿದ್ದದ್ದು ಆರು. ಎರಡನ್ನಷ್ಟೇ ಹಿಡಿಯುವುದೆಂದಾಯಿತು. ಮೂರನೆಯದನ್ನು ಬದಿಗಿಟ್ಟೆವು.

ಅರಿವೆ ಇರಲಿಲ್ಲ. ನಾನು ಎದುರಿನ ಅಂಗಡಿಯಿಂದ ಅರ್ಧ ಮೀಟರ್ ಹತ್ತಿ ಬಟ್ಟೆ ತಂದೆ. ಸುಂದರಬಾಯಿ ಅದನ್ನು ಬೆರಳಿನಲ್ಲಿ ಉಜ್ಜಿ ಹಿಂದಕ್ಕೆ ಕೊಟ್ಟಳು. "ಹೊಸಾದು ನಡಿಯಂಗಿಲ್ಲ ರೀ ಅಕ್ಕೋರ. ಗಂಜಿ ಅದ. ಒಂದು ಸಲ ತೊಳದ್ರ ಕುಗ್ಗಿ ಸುತ್ತಲಿನ ಹೊಲಗಿ ಜಗ್ತದ. ಉಟ್ಟು ಹಳೇದಾದ ಅರಿವಿ ಬೇಕು."

ಮರಿಯಮಬೀ ತನ್ನ ಓಢಣಿಯ ಒಂದು ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದಳು. ಒಂದು ಕೋಟಿಗೆ ಅದಾಯಿತು. ಇನ್ನೊಂದಕ್ಕೆ ಏನು ಎಂದು ನೋಡುತ್ತಿರುವಾಗ ಬಾಗಿಲಲ್ಲಿ ನಿಂತಿದ್ದ ಅಬೆನಾ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಹಳದಿಯ ಮೇಲೆ ನೀಲಿ ಬಳ್ಳಿ, ತೊಳೆದು ತೊಳೆದು ಮಾಸಿದ್ದು. ತಾಯಿ ಕೊಟ್ಟದ್ದೆಂದು ಹೇಳಿದಳು.

"ಬ್ಯಾಡ ಮಗಳಾ, ಅವ್ವನ ಅರಿವಿ ಹರೀಬಾರದು," ಎಂದಳು ಸುಂದರಬಾಯಿ. ಆದರೆ ಬೆರಳು ಆಗಲೇ ಅದನ್ನು ಉಜ್ಜಿ ನೋಡುತ್ತಿತ್ತು. ನಾನು ಹಿಂದಿಯಲ್ಲಿ ತಿಳಿಸಿದೆ. ಅಬೆನಾ ನಕ್ಕು ಕತ್ತರಿಯನ್ನು ತಾನೇ ಎತ್ತಿಕೊಂಡಳು.

ಓಢಣಿಯ ಕೋಟಿಗೆ ಮರಿಯಮಬೀ ಮತ್ತು ನಾನು. ಇನ್ನೊಂದಕ್ಕೆ ಸುಂದರಬಾಯಿ ಮತ್ತು ಅಬೆನಾ. ಎದುರುಬದುರು ಕುಳಿತು, ಎರಡೂ ಕಡೆಯಿಂದ ನಡುವಿಗೆ ಹೊಲಿಯುತ್ತ ಬಂದೆವು. ಆಚೆ ಧ್ವನಿವರ್ಧಕವನ್ನು ಪರೀಕ್ಷಿಸುವ ಸದ್ದು. ಒಂದು ಗಂಟೆಗೆ ವಿದ್ಯುತ್ ಹೋಯಿತು. ಕೋಣೆಗಿದ್ದದ್ದು ಒಂದೇ ಕಿಟಕಿ. ಎಲ್ಲವನ್ನೂ ಎಳೆದುಕೊಂಡು ಹಿತ್ತಲಿನ ಬಿಸಿಲಿಗೆ ಹೋದೆವು. ಎರಡಕ್ಕೆ ಅಬೆನಾಳ ಬೆರಳಿಗೆ ಸೂಜಿ ಚುಚ್ಚಿತು. ರಕ್ತ ಅರಿವೆಗೆ ತಾಗುವ ಮೊದಲೇ ಸುಂದರಬಾಯಿ ಅವಳ ಕೈಯನ್ನು ತಳ್ಳಿದಳು. ಆಮೇಲೆ "ಸಿಟ್ಟಾಗಬ್ಯಾಡ" ಎಂದು ಸೆರಗಿನಿಂದ ಒರೆಸಿದಳು. ಊಟಕ್ಕೆ ಏಳೋಣ ಎಂದು ನಾನು ಹೇಳಿದರೂ ಯಾರೂ ಸೂಜಿ ಕೆಳಗಿಡಲಿಲ್ಲ.

ಮೂರೂವರೆಗೆ ನಗರದ ವಿನ್ಯಾಸಕನ ಸಹಾಯಕಿ ಬಂದು ಆರು ಕೋಟುಗಳನ್ನು ಒಯ್ಯಬಹುದೇ ಎಂದು ಕೇಳಿದಳು. ಸುದ್ದಿ ಅಲ್ಲಿಗೂ ಮುಟ್ಟಿತ್ತು.

"ಐದು ಇನ್ನೂ ಬಡದಿಲ್ಲ," ಎಂದಳು ಮರಿಯಮಬೀ, ತಲೆ ಎತ್ತದೆ. "ಗಡಿಯಾರ ಇಲ್ಲೇನ್ ನಿಮ್ಮ ಕಡಿ?"

ನಾಲ್ಕು ಗಂಟೆ ಐವತ್ತು ನಿಮಿಷಕ್ಕೆ ನಮ್ಮದು ಮುಗಿಯಿತು, ಅದು ಏಳನೆಯದು. ಅಮೀರ ಪಾಶಾ ಕಾಗದ ಹಿಡಿದು ಬಂದರು. ಕೋಟುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. ಏಳಕ್ಕೆ ನಿಂತರು.

"ಬಾಯಿ, ಎಂಟನೇದು?"

ಸುಂದರಬಾಯಿಯ ಮಡಿಲಲ್ಲಿದ್ದ ಕೋಟಿನಲ್ಲಿ ಇನ್ನು ಎರಡು ಬೆರಳಗಲ ಬಾಯಿ ತೆರೆದಿತ್ತು. ಹನ್ನೆರಡು ಹೊಲಿಗೆ ಹಾಕಿದರೆ ಮುಗಿಯಿತು. ಆಕೆಯ ಕೈ ನಿಂತುಬಿಟ್ಟಿತ್ತು. ಸೂಜಿ ಅರಿವೆಯಲ್ಲಿ ಸಿಕ್ಕಿಕೊಂಡೇ ಇತ್ತು.

"ಹೊಲೀ ಬಾಯಿ," ಎಂದರು ಪಾಶಾ. "ಹತ್ತು ಮಿನಿಟ್ ಅದ."

"ಹೊಲೀತೇನ್ರಿ."

ಹೊಲಿಯಲಿಲ್ಲ. ಆಕೆ ನನ್ನನ್ನು ನೋಡಿದಳು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಕೌದಿಯನ್ನೂ ಖಾಲಿ ಮುಚ್ಚಿದವಳಲ್ಲ. ಕೋಟುಗಳಲ್ಲಿಯೂ, ನನ್ನ ಮಾತಿಗೆ ತಲೆಯಾಡಿಸಿಯೂ, ಆಕೆ ಇಟ್ಟೇ ಇದ್ದಳೆಂದು ಆಗ ನನಗೆ ತಿಳಿಯಿತು. ಇಲಿಗೆ ಸಿಕ್ಕ ಮೂರರಲ್ಲಿ ಒಂದು ಆಕೆಯದೇ. ಬೇಡ ಎನ್ನುವ ಹಕ್ಕನ್ನು ನಾನು ಒಮ್ಮೆ ಬಳಸಿ ಆಗಿತ್ತು.

ಆಕೆ ಬುತ್ತಿಯ ಅರಿವೆ ಬಿಚ್ಚಿ ಜೋಳದ ರೊಟ್ಟಿಯಿಂದ ಒಂದು ಚೂರು ಮುರಿದಳು. ಕೋಟಿನ ತೆರೆದ ಬಾಯಿಗೆ ಮುಟ್ಟಿಸಿದಳು. ಪಾಶಾ ಕಣ್ಣು ಅಗಲಿಸಿದರು. ಆಮೇಲೆ ಆಕೆ ಆ ಚೂರನ್ನು ತನ್ನ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದು ನುಂಗಿದಳು. ಬೆಳಿಗ್ಗೆಯಿಂದ ಆಕೆ ತಿಂದ ಮೊದಲ ತುತ್ತು ಅದು.

"ಹೊಲಿಯೋಳು ಉಂಡ್ಳು," ಎಂದಳು. "ಈಗ ಇದರ ಹೊಟ್ಟಿ ಖಾಲಿ ಅಂತ ಯಾರೂ ಅನಬ್ಯಾಡ್ರಿ."

ಹನ್ನೆರಡು ಹೊಲಿಗೆ ಹಾಕಿ ದಾರ ಕಡಿದಳು. ಗಡಿಯಾರದಲ್ಲಿ ಐದಾಗಲು ಎರಡು ನಿಮಿಷ.

ಆಗಲೇ ಇನ್ನೊಂದು ಕೆಲಸ ಮಾಡಿಸಿದಳು. ಮತ್ತೆ ಇಲಿಯ ಪಾಲಾಗಬಾರದೆಂದು ಉಳಿದ ಆರರ ಬೆನ್ನಿನ ತುಂಡನ್ನೂ ಬಿಚ್ಚಿ ನೋಡಬೇಕೆಂದಳು. ಅವು ವೇದಿಕೆಗೆ ಹೋಗುವುದು ಏಳಕ್ಕೆ. ನಾಲ್ಕರಲ್ಲಿ ರೊಟ್ಟಿ ಇತ್ತು. ತೆಗೆದು ಮತ್ತೆ ಮುಚ್ಚಿದೆವು; ಒಂದೊಂದು ಚೂರನ್ನು ಒಬ್ಬೊಬ್ಬರು ತಿಂದೆವು. ನನ್ನ ಪಾಲಿನದು ಕಲ್ಲಿನಂತಿತ್ತು. ಅಬೆನಾ ಮಾತ್ರ ಇನ್ನೊಂದು ಸಿಗುತ್ತದೆಯೇ ಎಂದು ಕೇಳಿದಳು.

ಏಳು ಗಂಟೆಯ ಪ್ರದರ್ಶನದ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಎಂಟು ಹುಡುಗಿಯರು ಎಂಟು ಕೋಟು ಹಾಕಿಕೊಂಡು ನಡೆದರು. ನಿರೂಪಕ ನಾನು ಬರೆದುಕೊಟ್ಟ ಹನ್ನೊಂದು ಹೆಸರನ್ನೂ ಊರಿನೊಂದಿಗೆ ಓದಿದ. ಸುಂದರಬಾಯಿ ಪಕ್ಕದ ಗೋಡೆಗೆ ಒರಗಿ ಹೆಸರುಗಳನ್ನು ಬೆರಳಿನಲ್ಲಿ ಎಣಿಸಿದಳು. ಕೊನೆಯಲ್ಲಿ ಪುಣೆಯಿಂದ ಬಂದಿದ್ದ ಖರೀದಿದಾರಳೊಬ್ಬಳು ಹಳದಿ ತೇಪೆಯ ಕೋಟಿನ ಬೆನ್ನನ್ನು ತಡವಿ, ಇದು ಹೇಗಾಯಿತೆಂದು ಕೇಳಿದಳು. ಇಲಿ ಕಡಿಯಿತು ಎಂದು ಸುಂದರಬಾಯಿ ಉತ್ತರಿಸಿದಳು. ನಾನು ಇದ್ದದ್ದನ್ನೇ ಅನುವಾದಿಸಿದೆ, ರೊಟ್ಟಿಯ ಸಂಗತಿಯನ್ನೂ ಸೇರಿಸಿ.

ಅವಳು ಇಪ್ಪತ್ತೆರಡು ಕೋಟು ಕೇಳಿದಳು. ಸಂಕ್ರಾಂತಿಗೆ ಮುಂಚೆ ಕೊಡಬೇಕು. ಒಳಗೆ ತಿನ್ನುವ ವಸ್ತು ಇರಬಾರದು.

ಹೊರಡುವಾಗ ಅಮೀರ ಪಾಶಾ, ಮುಂದಿನ ವರ್ಷವೂ ಬರಬೇಕು ಎಂದರು.

"ನಾವ್ಯಾಕ ಬರ್ಬೇಕ್ರಿ ಭಾಯ್?" ಎಂದಳು ಸುಂದರಬಾಯಿ. "ಕೊಳ್ಳೋರನ್ನ ನೀವೇ ಬಸ್ಸಿಗಿ ಹಾಕ್ಕೊಂಡು ಬರ್ರಿ. ನಮ್ಮ ಓಣ್ಯಾಗ ನಡದು ತೋರಸ್ತೇವಿ. ದೀಪದ ಖರ್ಚಿಲ್ಲ, ಬಿಸಲು ಬೇಕಾದಷ್ಟು ಅದ."

ಪಾಶಾ ನಕ್ಕರು. ಅಬೆನಾ ನಗಲಿಲ್ಲ. ತನ್ನ ಊರಿಗೆ ಮರಳಿದ ಮೇಲೆ ತಾಯಿಯ ಓಣಿಯಲ್ಲಿ ಹಾಗೆಯೇ ಮಾಡುವುದಾಗಿ ನನಗೆ ಹೇಳಿದಳು, ಆ ಮಾತನ್ನು ಸುಂದರಬಾಯಿಗೆ ತಿಳಿಸಿ ಎಂದಳು. ತಿಳಿಸಿದೆ.

೨೩ ನವೆಂಬರ್, ಸೋಮವಾರ. ಮೋಡವಿಲ್ಲ. ಬೆಳಿಗ್ಗೆ ಚಳಿ.

ಎಂಟು ಗಂಟೆಗೆ ಸುಂದರಬಾಯಿಯ ಊರಿಗೆ ಟೆಂಪೊ ಬಂತು. ಇಪ್ಪತ್ತೆರಡು ಕೋಟು ಎಂದರೆ ತಲೆಗೆ ಎರಡು, ಇಪ್ಪತ್ತೈದು ದಿನದ ಕೆಲಸ. ಅಷ್ಟರಿಂದ ಬೇಸಿಗೆ ಕಳೆಯುವುದಿಲ್ಲ. ಗಂಡಂದಿರು ಆಗಲೇ ಹೈದರಾಬಾದಿಗೆ ಹೋಗಿದ್ದ ನಾಲ್ವರು ಟೆಂಪೊ ಹತ್ತಿದರು. ಸುಂದರಬಾಯಿ ಮುಕಾದಮನ ಎದುರಿಗೇ ನಾಲ್ವರಿಗೂ ಬೆನ್ನಿನ ಭಾಗದ ಅರಿವೆಗಳನ್ನು ಸುತ್ತಿ ಕೊಟ್ಟಳು. ಕೈಹೊಲಿಗೆ ಎಲ್ಲಿ ಕುಳಿತರೂ ಆಗುತ್ತದೆ. ಪಟ್ಟಿಯಲ್ಲಿ ಏಳು ಹೆಸರುಗಳ ಮೇಲೆ ಅವನು ಗೀಟು ಎಳೆಯುವವರೆಗೆ ಆಕೆ ಟೆಂಪೊದ ಬಾಗಿಲು ಬಿಡಲಿಲ್ಲ. ಆರನೆಯ ಗೀಟು ಮರಿಯಮಬೀಯದು, ಏಳನೆಯದು ಆಕೆಯದು.

ಇಲಿ ಕಡಿದ ಒಂಬತ್ತನೆಯ ಕೋಟನ್ನು ಧೊಂಡಿಬಾ ತೂತಿನೊಡನೆಯೇ ಹಾಕಿಕೊಂಡು ಕುರಿ ಬಿಡಲು ಹೋದ.

ಮೂರು ದಿನದ ಖರ್ಚು: ಔರಾದ–ಬೀದರ ಬಸ್ಸು, ಇಬ್ಬರಿಗೆ ಹೋಗಿಬರಲು ನೂರಾ ಅರವತ್ತು. ಆಟೋ ಎಂಬತ್ತು. ದಾರ ಮತ್ತು ಸೂಜಿ ನಲವತ್ತೈದು. ಬಳಸದೆ ಉಳಿದ ಹೊಸ ಬಟ್ಟೆ ಮೂವತ್ತು. ಚಹಾ ಐವತ್ತಾರು. ಬೆರಳಿಗೆ ಹಚ್ಚಲು ಪಟ್ಟಿ, ಎರಡು ರೂಪಾಯಿ. ಗಂಟಿನಲ್ಲಿ ಇಲಿ, ಹುಳ ಬಾರದಂತೆ ಇಡಲು ಡಾಂಬರು ಗುಳಿಗೆ ಒಂದು ಪೊಟ್ಟಣ, ಹದಿನೈದು. ಒಟ್ಟು ಮುನ್ನೂರಾ ಎಂಬತ್ತೆಂಟು ರೂಪಾಯಿ.