ಟೈಲ್ಸ್ ಕೆಳಗಿನ ಮಗ್ಗದ ಗುಂಡಿ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ತಾತ್ಸಾರ. ಎಲ್ಲರದ್ದೂ ಅದೇ ಬಿಳಿ ಸೀರೆ, ಅದೇ ಗೆಜ್ಜೆ ಸದ್ದು. ಹೊಸದೊಂದು ಸುಳ್ಳು ಕಟ್ಟಲೂ ಬಾರದ ಜನ. ಈಗ ಆ ಸಾಲಿಗೆ ನಾನೂ ಸೇರಿದ್ದೇನೆ. ಆದರೆ ನಾನು ಕಟ್ಟಿದ್ದಲ್ಲ ಇದು... ನನ್ನ ಈ ಎರಡು ಕಾಲಿಗೇ ಆದದ್ದು.

ಹೆಂಡತಿ ಸರೋಜ ಟೀಚರು. ಮೊಳಕಾಲ್ಮುರುವಿಗೆ ವರ್ಗವಾದ ಮೇಲೆ ಚಳ್ಳಕೆರೆಯಿಂದ ದಿನಾ ಬಸ್ಸಿನಲ್ಲಿ ಓಡಾಡಿ ಅವಳ ಸೊಂಟ ಬಿದ್ದುಹೋಗಿತ್ತು. ಅಲ್ಲಿ ಸಿಕ್ಕಿದ್ದು ಒಂದೇ ಬಾಡಿಗೆ ಮನೆ. ನೇಕಾರರ ಬೀದಿಯ ಹಳೇ ಮಾಳಿಗೆ ಮನೆ. ಅಲ್ಲಿ ಯಾರೂ ನಿಲ್ಲುವುದಿಲ್ಲ ಎಂಬ ಸುದ್ದಿಯೂ ಜೊತೆಗೇ ಬಂತು.

"ಒಂದು ರಾತ್ರಿ ನೀವು ಮಲಗಿ ನೋಡಿ," ಅಂದಳು ಸರೋಜ. "ಗ್ಯಾಸ್ ಆಫ್ ಮಾಡಿದ್ನಾ ಅಂತ ಮತ್ತೆ ಮತ್ತೆ ಎದ್ದು ನೋಡೋರು ನೀವು. ನಿಮಗೇ ಏನೂ ಆಗಲಿಲ್ಲ ಅಂದ್ರೆ ನಾಳೆನೇ ಸಾಮಾನು ತರೋಣ. ಇಲ್ಲಾಂದ್ರೆ ನನ್ನ ಹಣೇಲಿ ಬಸ್ಸೇ ಬರೆದೈತೆ."

ಹೋದೆ. ಪಕ್ಕದ ಮನೆಯ ಮುದುಕಿ ಓಬಕ್ಕ ಕೀಲಿಕೈ ಕೊಡುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೇಕಾರ ನರಸಪ್ಪನ ಮನೆ ಸಾಮಿ ಇದು. ಸೀರೆ ಅರ್ಧ ನೇಯ್ದಿದ್ದ, ಸತ್ತ. ಮಕ್ಕಳಿಗೆ ಅದನ್ನ ಮುಗಿಸೋ ತಾಳ್ಮೆ ಎಲ್ಲೈತೆ? ಎಳೆ ಕೊಯ್ದು, ಮಗ್ಗ ಕಿತ್ತು, ಅವನು ಕಾಲು ಇಳಿಬಿಟ್ಟು ಹಲಗೆ ತುಳೀತಿದ್ದ ಗುಂಡಿಗೆ ಮಣ್ಣು ತುಂಬಿ ಟೈಲ್ಸ್ ಹಾಕಿಸಿದ್ರು. ಆಮ್ಯಾಲೆ ಒಬ್ಬ ಶೇಂಗಾ ಯಾಪಾರಿ ಬಂದ. ಓಡಿದ. ಒಬ್ಬ ಮಿಲಿಟ್ರಿಯವ್ನು ಬಂದ. ಅಬ್ಬೋ, ಮೀಸೆ ಇಷ್ಟುದ್ದ! ಅವನೂ ಓಡಿದ."

"ಏನು ಕಂಡು ಓಡಿದರು?"

"ಯಾವನೂ ಬಾಯಿ ಬಿಡ್ಲಿಲ್ಲ. ಗಂಡಸ್ರಲ್ವಾ?"

ಪಡಸಾಲೆಯ ನಡುವೆ ಚಾಪೆ ಹಾಸಿದೆ. ಬಿ.ಪಿ. ಮಾತ್ರೆ, ಟಾರ್ಚು, ಇನ್ನೊಂದು ಟಾರ್ಚು ತಲೆದಿಂಬಿನ ಪಕ್ಕ.

ಮಂಪರಿನಲ್ಲಿ ಎಳೆಗೆ ಹಚ್ಚುವ ಗಂಜಿಯ ವಾಸನೆ ಬಂತು. ಹಸಿ ರೇಷ್ಮೆಯ ವಾಸನೆ... ಆಮೇಲೆ ಸದ್ದು. ಟಕ್... ಟಕ್... ಬೀದಿಯ ಯಾವುದೋ ಮನೆಯಲ್ಲಿ ನೇಯುತ್ತಿದ್ದಾರೆ. ಇಷ್ಟಕ್ಕೆ ಓಡಿದನೇ ಆ ಮಿಲಿಟ್ರಿಯವನು? ಮೀಸೆ ದಂಡ! ನಗುತ್ತಲೇ ನಿದ್ದೆಹೋದೆ.

ನಡುರಾತ್ರಿ ಮೂತ್ರಕ್ಕೆ ಅವಸರವಾಯಿತು. ಎದ್ದು ಕೂತೆ. ಮನೆಯಲ್ಲಿ ಮಂಚದಿಂದ ಇಳಿಸುವ ಹಾಗೆ ಕಾಲು ಇಳಿಸಿದೆ.

ಇಳಿದವು. ಮೊಣಕಾಲಿನವರೆಗೂ ಇಳಿದವು. ತಣ್ಣನೆ ಮಣ್ಣು. ಬಲಗಾಲ ಕೆಳಗೆ ಒಂದು ಹಲಗೆ ಮೆಲ್ಲನೆ ಕುಸಿಯಿತು...

ಆಗ ನೆನಪಾಯಿತು. ಇಲ್ಲಿ ಮಂಚವಿಲ್ಲ. ನಾನು ಕೂತಿದ್ದು ಚಾಪೆಯ ಮೇಲೆ, ಚಾಪೆ ನೆಲದ ಮೇಲೆ.

ಎಡಗಾಲ ಕೆಳಗಿನ ಹಲಗೆ ಮೇಲೆದ್ದಿತು. ನನ್ನ ಪಾದದ ಮೇಲೆ ಇನ್ನೊಂದು ಪಾದ ಕೂತಿತು. ಒಣಗಿದ, ಗಡಸು ಪಾದ. ಕೆಲಸ ಕಲಿಸುವವರ ಹಾಗೆ ಒತ್ತಿತು. ನಾನು ತಪ್ಪಾಗಿ ತುಳಿದೆನೇನೋ... ಕಿವಿಯ ಹತ್ತಿರವೇ ಯಾರೋ ಅಂದರು:

"ಥೂ."

ಹೆದರಿಸುವ ದನಿಯಲ್ಲ. ಕೈಲಾಗದವನನ್ನು ಕಂಡು ಬರುವ ಬೇಸರ, ಅಷ್ಟೇ.

ಟಾರ್ಚು ಹಾಕಿದೆ. ಕಾಲೆರಡೂ ಟೈಲ್ಸ್ ಮೇಲೆ ನೆಟ್ಟಗೆ ಚಾಚಿಕೊಂಡಿದ್ದವು. ಒಂದು ಬಿರುಕೂ ಇಲ್ಲ.

ಬೆಳಿಗ್ಗೆ ಸರೋಜಳ ಫೋನು. "ಏನಾದ್ರೂ ಆಯ್ತಾ?"

ಮುಂದೆ ಓಬಕ್ಕ ನಿಂತಿದ್ದಳು, ಬಾಯಲ್ಲಿ ಎಲೆಯಡಿಕೆ, ಕಣ್ಣಲ್ಲಿ ನಗು. "ಏನೂ ಇಲ್ಲ," ಅಂದೆ. "ಇಲಿ."

"ನೀನೂ ಗಂಡಸೇ ಬಿಡು ಸಾಮಿ," ಎಂದು ಉಗುಳಿ ಒಳಗೆ ಹೋದಳು.

ಸಾಮಾನು ಬಂತು. ಸರೋಜಳ ಸೊಂಟ ಸುಧಾರಿಸಿತು. ನಾನು ಸಂಜೆಯ ಮೇಲೆ ನೀರು ಕುಡಿಯುವುದಿಲ್ಲ, ಬೆಳಕು ಹರಿಯುವ ತನಕ ಮಂಚದಿಂದ ಕಾಲು ಇಳಿಸುವುದಿಲ್ಲ.

ಮೊನ್ನೆ ಮಲಗುವಾಗ ಅವಳು ಕೇಳಿದಳು:

"ರೀ, ನಮ್ಮ ಮಂಚ ಮೊದಲು ಇಷ್ಟೆತ್ತರ ಇತ್ತಾ? ರಾತ್ರಿ ಎದ್ದು ಕಾಲು ಇಳಿಸಿದ್ರೆ ನೆಲ ಸಿಗೋಕೆ ಬಾಳ ಹೊತ್ತಾಗ್ತೈತೆ."

ಈ ಸಲ ಇಲಿ ಎನ್ನಲಾಗದೆ, "ನಿದ್ದೆಗಣ್ಣಿಗೆ ಹಾಗನ್ನಿಸುತ್ತೆ, ಮಲಗು," ಅಂದೆ.

ಅವಳಿಗೆ ನಿದ್ದೆ ಹತ್ತಿತು. ಕಂಬಳಿಯೊಳಗೆ ಅವಳ ಕಾಲುಗಳು ಒಂದಾದ ಮೇಲೊಂದು, ಲಯ ತಪ್ಪದೆ ಕದಲತೊಡಗಿದವು. ಆ ದನಿಗೆ ಕಿವಿಗೊಟ್ಟು ಕಾದೆ...

ಯಾರೂ "ಥೂ" ಅನ್ನಲಿಲ್ಲ.