ಅಜ್ಜಿ ಎತ್ತು ಮುರಿದ ಅಮಾವಾಸ್ಯೆ

ಮಾರಿಕಣಿವೆ ಅಣೆಕಟ್ಟಿನ ನೀರು ನಮ್ಮೂರಿಗೆ ಬೆನ್ನು ಹಾಕಿ ದೂರ ಸರಿದಿದ್ದ ವರ್ಷಗಳವು. ಹೊಸದುರ್ಗದ ಕಡೆಯ ಹಿನ್ನೀರಿನ ಊರು ನಮ್ಮದು. ನೀರಿಲ್ಲವೆಂದು ದೊಡ್ಡವರು ಕೊರಗುತ್ತಿದ್ದರು. ನಮಗೆ ಮಾತ್ರ ಕಣ್ಣು ಹರಿಯುವಷ್ಟು ದೂರ ಆಟದ ಬಯಲು ಸಿಕ್ಕಿತ್ತು.

ಆ ಭಾನುವಾರ ಎಲ್ಲ ಭಾನುವಾರಗಳಂತೆಯೇ ಇತ್ತು. ಬಯಲಿನಲ್ಲಿ ಎರಡು ಜಾಲಿ ಗೂಟ ನೆಟ್ಟು ಹುಡುಗಿಯರೆಲ್ಲ ಖೋ ಖೋ ಆಡಿದೆವು. ಲಂಗದ ಮಡಿಲಲ್ಲಿ ಹುರಿದ ಶೇಂಗಾ, ಬಾಯಲ್ಲಿ ಹುಣಸೆ ಚಿಗುರು. ನನ್ನ ಅಕ್ಕ ಸುಜಾತ ಗೂಟಕ್ಕೆ ಒಂದು ಕೈ ಕೊಟ್ಟು ಗಿರ್ರನೆ ತಿರುಗಿದರೆ ಅವಳ ಜಡೆ ಅವಳಿಗಿಂತ ಹಿಂದೆ ಬರುತ್ತಿತ್ತು. ಅವಳನ್ನು ಮುಟ್ಟಿದವರು ನಮ್ಮ ಶಾಲೆಯಲ್ಲಿ ಯಾರೂ ಇರಲಿಲ್ಲ.

ಮರುದಿನ ಸಂಜೆ ಅದೇ ಗೂಟದ ಪಕ್ಕ ನೆಲದ ಬಿರುಕಿಗೆ ಅವಳ ಕಾಲು ಸಿಕ್ಕಿತು. ಮನೆಗೆ ಎತ್ತಿಕೊಂಡು ಬರುವಷ್ಟರಲ್ಲಿ ಪಾದದ ಮೇಲಿನ ಹರಡು ಬದನೆಕಾಯಿಯಂತೆ ಊದಿತ್ತು.

ಹೊಸದುರ್ಗದ ಡಾಕ್ಟರು ಎಲುಬಿಗೆ ಏನೂ ಆಗಿಲ್ಲ, ಉಳುಕಿದೆ ಅಷ್ಟೇ, ಕಾಲಿಗೆ ಕೆಲಸ ಕೊಡಬೇಡ ಎಂದರು. ಅಕ್ಕ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು. ನೋವಿಗಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಪೇಟೆಯ ಶಾಲೆಯ ಮೇಲೆ ಪಂದ್ಯವಿತ್ತು. ಹಿಂದಿನ ವರ್ಷ ಅವರು ನಮ್ಮನ್ನು ಸೋಲಿಸಿ ನಕ್ಕಿದ್ದರು. ಅಕ್ಕ ಏಳನೇ ಕ್ಲಾಸು. ನಮ್ಮೂರಲ್ಲಿ ಅದರ ಮೇಲೆ ಶಾಲೆಯಿಲ್ಲ. ನಮ್ಮ ಶಾಲೆಯ ಪರವಾಗಿ ಆಡಲು ಅವಳಿಗೆ ಉಳಿದಿದ್ದದ್ದು ಅದೊಂದೇ ಪಂದ್ಯ.

"ಅಳಬ್ಯಾಡ ಸುಮ್ನಿರೇ," ಎಂದಳು ಅಜ್ಜಿ. "ಡಾಕ್ಟ್ರು ಕಾಲಿಗೆ ಕೆಲ್ಸ ಕೊಡಬ್ಯಾಡ ಅಂದವ್ರೆ. ಮಣ್ಣು ಮೆತ್ತಬ್ಯಾಡ ಅಂದಿಲ್ಲ. ಲೇ ಮಂಜಿ, ಬುಟ್ಟಿ ತಗಳೇ, ಹೋಗಾಣ."

ಮಂಜಿ ನಾನು. ಮೂರನೇ ಕ್ಲಾಸಿನ ನನಗೆ ಅಂಥ ದೊಡ್ಡ ಕೆಲಸ ಅದುವರೆಗೆ ಯಾರೂ ಹೇಳಿರಲಿಲ್ಲ. ಬುಟ್ಟಿ ಬಡಿಯುತ್ತಾ ಓಡಿದೆ.

ಅಜ್ಜಿಗೆ ಯಾವ ಮಣ್ಣೋ ಒಂದು ಆಗುತ್ತಿರಲಿಲ್ಲ. ಬಯಲಿನ ನಡುವೆ ಹಳೆಯ ಹಳ್ಳ ತಿರುಗುವ ಕಡೆ ಮೇಲಿನ ಒಣ ಹೆಂಟೆ ಸರಿಸಿ ಮೊಳದುದ್ದ ಅಗೆಯಬೇಕು. ಆಗ ಸಿಗುತ್ತಿತ್ತು ನೀಲಿಗಪ್ಪು ಮಣ್ಣು. ಬೆಣ್ಣೆಯಷ್ಟು ನುಣುಪು, ಸುಡುಬಿಸಿಲಲ್ಲೂ ತಣ್ಣಗೆ. ಮೂಗಿನ ಹತ್ತಿರ ಹಿಡಿದರೆ ತುಕ್ಕು ಹಿಡಿದ ಕುಡುಗೋಲಿನ ವಾಸನೆ, ಅದರ ಹಿಂದೆ ಸ್ವಲ್ಪ ಮೀನಿನ ವಾಸನೆ. "ಎಷ್ಟು ಗುಡ್ಡದ ಸತ್ವ ಕೊಚ್ಕಂಡು ಬಂದು ಇಲ್ಲಿ ಕುಂತೈತೋ!" ಎಂದು ಅಜ್ಜಿ ಅದನ್ನು ಮಗುವಿನಂತೆ ಎತ್ತಿಕೊಳ್ಳುತ್ತಿದ್ದಳು.

ಇನ್ನು ನೀರು. ಊರಾಚೆಯ ಸವಳು ಬಾವಿಯದೇ ಆಗಬೇಕು. ಆ ನೀರಲ್ಲಿ ಬೇಳೆ ಬೇಯದು, ಸೋಪು ನೊರೆ ಬಾರದು. ಅದರ ಕಟ್ಟೆಗೆ ಬಿಳಿ ಉಪ್ಪು ಹಕ್ಕಳೆಗಟ್ಟಿರುತ್ತಿತ್ತು. ನಾನು ಕದ್ದು ನೆಕ್ಕಿ ಮುಖ ಹಿಂಡುತ್ತಿದ್ದೆ.

ಆ ನೀರನ್ನು ಕಾಯಿಸಿ, ಅಕ್ಕನ ಕಾಲು ಅದ್ದಿಸಿ, ಅದೇ ನೀರಲ್ಲಿ ಮಣ್ಣು ನಾದಿ ಹರಡಿನ ಸುತ್ತ ಮೆತ್ತಿ, ಮೇಲೆ ಎಕ್ಕದ ಎಲೆ ಇಟ್ಟು ಬಟ್ಟೆ ಸುತ್ತುತ್ತಿದ್ದಳು. ಪೂರ್ತಿ ಒಣಗುವ ಮೊದಲೇ ತೆಗೆಯಬೇಕು. "ಒಣಗಿತೋ, ಹೀರಿದ ನೋವು ಬಡ್ಡಿ ಸಮೇತ ವಾಪಸ್ ಕೊಡ್ತೈತೆ." ತೆಗೆದ ಮಣ್ಣನ್ನು ಯಾರೂ ತುಳಿಯದ ಬೇಲಿಯ ಬುಡಕ್ಕೆ ಹಾಕಿ ಬರುವುದು ನನ್ನ ಪಾಲಿನ ಕೆಲಸ. ದಿನಾ ಬೆಳಿಗ್ಗೆ ಕಣ್ಣುಜ್ಜುತ್ತಲೇ ಎದ್ದು ಅಕ್ಕನ ಕಾಲು ನೋಡುತ್ತಿದ್ದೆ. ಊತ ಇಳಿಯಿತು, ಹರಡಿನ ಗುಬ್ಬಿ ಎಲುಬು ಕಾಣಿಸಿತು, ಅಕ್ಕ ಗೋಡೆ ಹಿಡಿದು ನಿಂತಳು, ಗೋಡೆ ಬಿಟ್ಟಳು! ಓಣಿಯವರಿಗೆಲ್ಲ ಸುದ್ದಿ ಮುಟ್ಟಿಸಿದವಳು ನಾನೇ.

ಅಮಾವಾಸ್ಯೆಯ ಹಿಂದಿನ ದಿನ ಜೋರು ಮಳೆ ಬಂದು ನಮ್ಮ ಮಣ್ಣಿನ ಗುಂಡಿ ಕೆಸರು ನೀರಿನಲ್ಲಿ ಮುಚ್ಚಿಹೋಯಿತು. ಬಾನಿಯಲ್ಲಿ ನಾದಿಟ್ಟಿದ್ದ ಒಂದು ಮುದ್ದೆಯಷ್ಟೇ ಉಳಿದಿತ್ತು. "ಇದೊಂದು ಪಟ್ಟು ಬಿದ್ರೆ ನಾಳೆ ಓಡ್ತಾಳೆ," ಎಂದು ಅಮಾವಾಸ್ಯೆಯ ಬೆಳಿಗ್ಗೆ ಅಜ್ಜಿ ನನ್ನನ್ನು ಕರೆದುಕೊಂಡು ಸವಳು ನೀರಿಗೆ ಹೋದಳು.

ನಾವು ಬರುವಷ್ಟರಲ್ಲಿ ಮನೆಯೆಲ್ಲ ಹೋಳಿಗೆ ಘಮ. ಜಗಲಿಯ ಮೇಲೆ ಎರಡು ಮಣ್ಣಿನ ಎತ್ತು, ಮುಂದೆ ಗೋದಲಿ. ಗುಲಗಂಜಿ ಕಣ್ಣು, ಅರಿಶಿನ ಕುಂಕುಮ, ಕೊರಳಿಗೆ ಹೂವು. ಪೂಜೆ ಮುಗಿದಿತ್ತು. ಅಪ್ಪ ಎದೆಯುಬ್ಬಿಸಿ ನಿಂತಿದ್ದರು.

"ಅವ್ವಾ, ಈ ವರ್ಷ ಮಣ್ಣು ಎಂಥ ಚೆಂದ ನಾದಿದ್ದೀಯ! ಒಂದು ಬಿರುಕು ಬಿಟ್ಟಿಲ್ಲ ನೋಡು."

ಅಜ್ಜಿಯ ಕೊಡ ಸೊಂಟದಲ್ಲೇ ನಿಂತಿತು. "ಯಾವ ಮಣ್ಣೋ?"

"ಬಾನಿಯಾಗೆ ಇತ್ತಲ್ಲ."

"ಅದು ಹುಡುಗಿ ಕಾಲಿಂದು ಕಣೋ ಮೂಳ!"

"ನಂಗೇನು ಗೊತ್ತು? ಅಮಾಸೆ ದಿನ ಮನೆಯಾಗೆ ಮಣ್ಣು ನೆನೆಸಿದ್ರೆ ಎತ್ತಿಗಲ್ದೆ ಇನ್ಯಾತಕ್ಕೆ?"

ಅಜ್ಜಿ ಕೊಡ ಇಳಿಸಿ ಸೀದಾ ಜಗಲಿಗೆ ನಡೆದಳು. ಅಮ್ಮ ಅಡ್ಡ ಬಂದಳು.

"ಅತ್ತೆ, ಬ್ಯಾಡ. ಆರತಿ ಆಗೈತೆ. ಪೂಜೆ ಮಾಡಿದ್ದನ್ನ ಕಾಲಿಗೆ ಮೆತ್ತೋದಾ? ನೋಡಿದೋರು ಏನಂದಾರು?"

ಒಳಗಿನಿಂದ ಅಕ್ಕನ ದನಿ ಬಂತು: "ಅಜ್ಜೀ, ದೇವ್ರಿಗೆ ಸಿಟ್ಟು ಬಂದ್ರೆ ನಾಳೆ ಔಟಾಗ್ತೀನಿ!"

"ಬಸವಣ್ಣಂಗೆ ಖೋ ಖೋ ಬರಾಕಿಲ್ಲ. ಸುಮ್ನೆ ಕಾಲು ಚಾಚು."

ಅಜ್ಜಿ ಎತ್ತುಗಳ ಮುಂದೆ ಕುಂತು ಕೈ ಮುಗಿದಳು. ಪಕ್ಕದ ಮನೆಯವರೊಡನೆ ಮಾತಾಡುವಂತೆ ಮಾತಾಡಿದಳು. "ನಿನ್ನ ಕಾಲಿಗೆ ಲಾಳ ಕಟ್ಸೀನಿ. ಕುಂಟಿದಾಗ ಬಿಸಿನೀರು ಹುಯ್ದು, ಎಣ್ಣೆ ತಿಕ್ಕೀನಿ. ಇವತ್ತೊಂದಿನ ನಮ್ಮ ಹುಡುಗಿ ಕಾಲು ನೋಡ್ಕಳಪ್ಪ."

ಹೂವು ಬಿಚ್ಚಿ, ಗುಲಗಂಜಿ ಕಣ್ಣುಗಳನ್ನು ಕಿತ್ತು ನನ್ನ ಅಂಗೈಗೆ ಹಾಕಿದಳು. ಎತ್ತಿನ ಬೆನ್ನ ಮೇಲೆ ಕೈಯಿಟ್ಟಳು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿದಳು. ಅಪ್ಪ ಮಾತ್ರ ತಡೆಯಲಾರದೆ, "ಎಡಗಡೇದು ಬಿಡವ್ವ, ಅದರ ಕೊಂಬು ಭಾಳ ಚೆಂದ ಬಂದೈತೆ," ಎಂದರು. ಅಮ್ಮ ಸೆರಗಿನೊಳಗೇ ನಕ್ಕುಬಿಟ್ಟಳು. ಅಜ್ಜಿ ಬಲಗಡೆಯದನ್ನು ಮುರಿದಳು.

ಮರುದಿನ ಪಂದ್ಯದ ಬಯಲಲ್ಲಿ ಮೇಷ್ಟ್ರು ಅಕ್ಕನ ಕಾಲು ಒತ್ತಿ ನೋಡಿದರು. "ಒಂದು ಸುತ್ತು ಓಡಿ ತೋರ್ಸು. ಕುಂಟಿದ್ರೆ ಆಡ್ಸಲ್ಲ." ಅಕ್ಕ ಮೆಲ್ಲನೆ ಹೊರಟಳು, ಜೋರಾದಳು, ಕಂಬ ಹಿಡಿದು ಗಿರ್ರನೆ ತಿರುಗಿದಳು. ಜಡೆ ಅವಳ ಹಿಂದೆ ಬಂತು. ಮೇಷ್ಟ್ರು ಸೀಟಿ ಬಾಯಿಗಿಟ್ಟರು.

ಕೊನೆಯ ಸರದಿಯಲ್ಲಿ ಜೊತೆಯವರಿಬ್ಬರೂ ಬೇಗ ಔಟಾಗಿ ಅಕ್ಕ ಒಬ್ಬಳೇ ಉಳಿದಳು. ಪೇಟೆಯ ಹುಡುಗಿಯರು ಖೋ ಕೊಟ್ಟರು, ಎದ್ದರು, ಹಾರಿದರು, ಮಣ್ಣು ಮುಕ್ಕಿದರು. ಅಕ್ಕ ಸಾಲಿನ ಸಂದಿಯಲ್ಲಿ ಹಾವಿನಂತೆ ಹೊಕ್ಕು ಹೊರಬರುತ್ತಿದ್ದಳು. ಅವಳ ಕಾಲುಗುರುಗಳಲ್ಲಿ ಕಪ್ಪು ಮಣ್ಣು ಇನ್ನೂ ಉಳಿದಿತ್ತು. ಅಪ್ಪ ಬೇಲಿ ಹತ್ತಿ ಕೂಗುತ್ತಿದ್ದರು, "ನನ್ನ ಎತ್ತಿನ ಕಾಲು ಕಣ್ರೋ ಅದು! ನನ್ನ ಎತ್ತು!" ಸುತ್ತಲಿದ್ದವರಿಗೆ ಏನೂ ಅರ್ಥವಾಗಲಿಲ್ಲ. ಕೊನೆಯ ಸೀಟಿ ಬಿದ್ದಾಗಲೂ ಅವಳನ್ನು ಯಾರೂ ಮುಟ್ಟಿರಲಿಲ್ಲ.

ಪಂದ್ಯ ನಾವು ಸೋತೆವು, ಒಂದೇ ಪಾಯಿಂಟಿನಿಂದ. ಆದರೂ ಟ್ರ್ಯಾಕ್ಟರಿನಲ್ಲಿ ಗೆದ್ದವರಂತೆ ಕೂಗುತ್ತಾ ಊರಿಗೆ ಬಂದೆವು.

ಕಾಲು ವಾಸಿಯಾದದ್ದು ಮಣ್ಣಿನಿಂದಲೋ, ಉಪ್ಪುನೀರಿನಿಂದಲೋ, ಅಷ್ಟು ದಿನ ಕೂತಿದ್ದರಿಂದಲೋ ನನಗೆ ತಿಳಿಯದು. ಅಜ್ಜಿ ಹೋಗಿ ಬಹಳ ಕಾಲವಾಯಿತು. ಕಣಿವೆ ಈಗ ತುಂಬಿದೆ. ಆ ಹಳ್ಳದ ತಿರುವು ಆಳದ ನೀರಿನಡಿ ಇದೆ. ಊರು ಸಂತೋಷವಾಗಿದೆ, ನಾನೂ ಬಾಗಿನ ಬಿಟ್ಟು ಬಂದೆ. ಅಮಾವಾಸ್ಯೆಗೆ ಅಪ್ಪ ಸಂತೆಯಿಂದ ಬಣ್ಣದ ಎತ್ತು ತರುತ್ತಾರೆ.

ಅಕ್ಕ ಹೋದ ವರ್ಷ ದುರ್ಗದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕಾಯಿಲೆ ಮಣ್ಣಿಗೆ ಬಗ್ಗುವಂಥದ್ದಾಗಿರಲಿಲ್ಲ. ವರ್ಷದ ತಿಥಿಗೆ ಫೋಟೋ ಹಾಕಿಸಲು ಮನೆಯಲ್ಲಿದ್ದ ಚಿತ್ರಗಳನ್ನೆಲ್ಲ ಹರವಿಕೊಂಡು ಕೂತೆ. ಮದುವೆಯದು, ಮಕ್ಕಳ ನಾಮಕರಣದ್ದು, ರೇಷನ್ ಕಾರ್ಡಿನದು. ಎಲ್ಲದರಲ್ಲೂ ಅವಳು ಕೂತಿದ್ದಾಳೆ, ಇಲ್ಲವೇ ಸುಮ್ಮನೆ ನಿಂತಿದ್ದಾಳೆ.

ಅಕ್ಕ ಓಡುತ್ತಿರುವ ಫೋಟೋ ಒಂದೂ ಇಲ್ಲ.