ಬಾಂಗ್ ಅಳಿಸಿದ ಟೇಪು

ಮೊನ್ನೆ ಹಳಿಯಾಳದ ಬಸ್ಸಿನಲ್ಲಿ ಪಕ್ಕದ ಹುಡುಗನ ಕಿಸೆಯೊಳಗಿಂದ ಮೊಬೈಲು ಬಾಂಗ್ ಕೊಟ್ಟಿತು. ಅವನು ಗಡಿಬಿಡಿಯಿಂದ ಅದರ ಬಾಯಿ ಮುಚ್ಚಿಸಿ, ನನ್ನ ಹಣೆಯ ವಿಭೂತಿ ನೋಡಿ, ಸಾರಿ ಅಮ್ಮಾ ಎಂದ. ಮುಚ್ಚಬೇಡಪ್ಪಾ ಎನ್ನುವಷ್ಟರಲ್ಲಿ ಅವನು ಅದನ್ನು ಕಿಸೆಗಿಳಿಸಿದ್ದ. ದಾಂಡೇಲಿಯಲ್ಲಿ ನಮ್ಮ ಗೋಡೆಯಾಚೆ ಇದ್ದ ಚಾಚಾ ನೆನಪಾಗಿದ್ದರು...

ಅರವತ್ತರ ದಶಕದ ಮೊದಲಿಗೆ ಮದುವೆಯಾಗಿ ಧಾರವಾಡದ ಕಡೆಯಿಂದ ಆ ಊರಿಗೆ ಬಂದೆ. ಕಾಗದದ ಕಾರ್ಖಾನೆಯ ಕೊಳೆತ ಕೋಸಿನಂಥ ವಾಸನೆ, ಸುತ್ತ ಕಾಡು, ಗಂಡನಿಗೆ ಪಾಳಿಯ ಕೆಲಸ. ನನಗೆ ಅಳುವುದೇ ಕೆಲಸವಾಗಿತ್ತು. ನಸುಕಿನಲ್ಲಿ ಎಚ್ಚರಾಗಿ ಒಬ್ಬಳೇ ಮಲಗಿರುವಾಗ ಮಸೀದಿಯಿಂದ ಚಾಚಾ ಬಾಂಗ್ ಕೊಡುತ್ತಿದ್ದರು. ಆಗ ಸ್ಪೀಕರ್ ಇರಲಿಲ್ಲ. ಅಂಥ ಇಂಪಾದ ಕಂಠವೇನೂ ಅಲ್ಲ, ಕೊನೆಗೆ ತುಸು ಒಡೆಯುತ್ತಿತ್ತು. ಆದರೂ ಊರಲ್ಲಿ ನನ್ನ ಹಾಗೆ ಇನ್ನೊಬ್ಬರು ಎದ್ದಿದ್ದಾರೆ ಎಂದು ಧೈರ್ಯ ಬರುತ್ತಿತ್ತು. ಎದ್ದು ಒಲೆ ಹೊತ್ತಿಸುತ್ತಿದ್ದೆ.

ಕಾರ್ಖಾನೆಯ ಸಾಹೇಬರೊಬ್ಬರ ಬಳಿ ಚಕ್ರ ತಿರುಗುವ ಟೇಪ್ ರೆಕಾರ್ಡರ್ ಇತ್ತು. ಪ್ರೀತಿಯಿಂದ ಚಾಚಾನ ಬಾಂಗನ್ನು ಅದರಲ್ಲಿ ಹಿಡಿದಿಟ್ಟರು. ತಮ್ಮ ದನಿ ತಾವೇ ಕೇಳಿ ಚಾಚಾ ಹಿರಿಹಿರಿ ಹಿಗ್ಗಿದರಂತೆ. ಆಮೇಲೆ ಮಂಕಾದರು. ಛಲೋ ಕೂಗ್ತೇನಿ ಅಂತ ನನಗೇ ಅನಿಸಿಬಿಟ್ಟಿತು, ಅಂಥ ಜಂಬ ಛಲೋ ಅಲ್ಲ ಎಂದು ನಮ್ಮ ಯಜಮಾನರ ಮುಂದೆ ಹೇಳಿಕೊಂಡರು. ಅವರ ಹೆಂಡತಿ ಚಾಚಿ ಮಾತ್ರ ಆ ಟೇಪಿನ ಮೇಲೆ ಜೀವ ಇಟ್ಟಿದ್ದರು. ಮಕ್ಕಳಿಲ್ಲದ ಮನೆ. ಚಾಚಾನಿಗೆ ಎದೆಯ ಕೆಮ್ಮು ಆಗಲೇ ಹತ್ತಿತ್ತು. ನಾಳೆ ಈ ದನಿಯಾದರೂ ಉಳಿಯಲಿ ಎಂಬ ಆಸೆ ಅವರದು.

ಮಸೀದಿಗೆ ಸ್ಪೀಕರ್ ಬಂದ ವರ್ಷ ಚಾಚಾ ಹಾಸಿಗೆ ಹಿಡಿದರು. ಒಂದು ಸಂಜೆ ಅಲ್ಲಿಯ ಹಿರಿಯರು, ಚಾಚಾನಿಗೆ ಸಂತೋಷವಾಗಲಿ ಎಂದು, ಸಾಹೇಬರ ಯಂತ್ರ ತರಿಸಿ ಅವರದೇ ಬಾಂಗನ್ನು ಸ್ಪೀಕರಿಗೆ ಹಾಕಿದರು. ನಾನು ಗಂಜಿ ಕೊಡಲು ಹೋಗಿದ್ದೆ. ಚಾಚಾ ತಡಬಡಿಸಿ ಎದ್ದು, ಗೋಡೆ ಹಿಡಿದು ಹೊಸ್ತಿಲ ತನಕ ಬಂದು, ಅಲ್ಲೇ ಕುಸಿದು ಕೂತರು. ಚಾಚಿಯ ಮುಖ ಅರಳಿತ್ತು, ಚಾಚಾ ಅಳುತ್ತಿದ್ದರು.

ನಮಾಜು ಮುಗಿಸಿ ಹಿರಿಯರು ನಗುತ್ತ ಬಂದರು. ಸಾಹೇಬರೂ ಜೊತೆಗಿದ್ದುದರಿಂದ ಚಾಚಾ ಕನ್ನಡದಲ್ಲೇ ಹೇಳಿದರು.

"ನಮಾಜಿಗೆ ಕರಿಯಾಂವ ಅಲ್ಲೇ ನಿಂತಿರಬೇಕ್ರಿ. ನಾ ಇಲ್ಲೆ ಮಲಗೇನಿ, ಅಲ್ಲಿ ಕರದವರು ಯಾರು? ಸ್ಪೀಕರ್ ಇರ್ಲಿ, ದೂರದವರಿಗೆ ಮುಟ್ಟತೈತಿ. ಆದ್ರ ಮನಶ್ಯಾ ಕೂಗ್ಲಿ, ದನಿ ಹೆಂಗರ ಇರ್ಲಿ."

ಟೇಪನ್ನು ಅಳಿಸಿಬಿಡಿ ಎಂದು ಸಾಹೇಬರನ್ನು ಬೇಡಿಕೊಂಡರು. ಚಾಚಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದರು. ನನಗೆ ಸಿಟ್ಟೇ ಬಂತು. ನನ್ನ ಬಾಯಿ ಮೊದಲಿಂದಲೂ ಹಾಗೆ, ತಡೆಯಲಿಲ್ಲ.

"ಚಾಚಿಗೆ ಏನ್ ಇಟ್ಟು ಹೋಗ್ತೀರಿ ಚಾಚಾ?"

ಚಾಚಾ, ಚಾಚಿ ಹೋದ ಒಳಬಾಗಿಲ ಕಡೆ ತಿರುಗಿದರು.

"ಬಾಂಗ್ ನಂದಲ್ಲ ಬೇಟಿ, ಅದನ್ನ ಆಕಿಗೆ ಹೆಂಗ ಕೊಡ್ಲಿ? ನಂದು ಏನೈತಿ, ಅದನ್ನ ಕೊಡ್ತೇನಿ."

ಮರುದಿನ ಸಾಹೇಬರು ಯಂತ್ರವನ್ನು ಮನೆಗೇ ತಂದರು. ಬಾಂಗ್ ಇದ್ದ ಟೇಪಿನ ಮೇಲೆಯೇ, ಅದು ಅಳಿಸಿಹೋಗುವಂತೆ, ಚಾಚಾ ನನಗೂ ತಿಳಿಯುವಂಥ ತಮ್ಮ ಉರ್ದುವಿನಲ್ಲಿ ಹೆಂಡತಿಯೊಡನೆ ಮಾತಾಡಿದರು. ಸಂಜೆ ಕೋಳಿ ಮುಚ್ಚುವುದು ಮರೆಯಬೇಡ, ತಂಪು ಗೋಡೆಗೆ ಒರಗಿ ಮಲಗಬೇಡ. ಆಡಿದ್ದು, ನೋಯಿಸಿದ್ದು ಎಲ್ಲ ಮಾಫ್ ಮಾಡು. ನಡುನಡುವೆ ಕೆಮ್ಮು. ಕೊನೆಗೆ, ಚಹಾ ಆಯಿತೇನು ಎಂದು ಕೇಳಿದರು. ಒಲೆಯ ಮುಂದಿದ್ದ ಚಾಚಿ, ಬಂದೆ ತಡೀರಿ ಎಂದು ಕೂಗಿದ್ದೂ ಅದರಲ್ಲಿ ಸೇರಿಕೊಂಡಿತು.

ಚಾಚಾ ಹೋದ ಮೇಲೆ ಸಾಹೇಬರು ಒಮ್ಮೆ ಚಾಚಿಗೆ ಅದನ್ನು ಕೇಳಿಸಿದರು. ನಾನೇ ಕರೆದುಕೊಂಡು ಹೋಗಿದ್ದೆ. ಚಹಾ ಆಯಿತೇನು ಎಂದು ಟೇಪು ಕೇಳಿತು. ಟೇಪಿನೊಳಗಿನ ಚಾಚಿ ಉತ್ತರ ಕೊಡುವ ಮೊದಲೇ ಪಕ್ಕದಲ್ಲಿದ್ದ ಚಾಚಿ, ಬಂದೆ ತಡೀರಿ ಎಂದು ಎದ್ದು ನಿಂತುಬಿಟ್ಟರು. ನಾನು ಕೈ ಹಿಡಿದು ಕೂಡಿಸಿದೆ.

ಸಾಹೇಬರಿಗೆ ವರ್ಗವಾಯಿತು. ಹೋಗುವಾಗ ಟೇಪಿನ ಸುರುಳಿಯನ್ನು ಚಾಚಿಗೇ ಕೊಟ್ಟರು. ಹಾಕಿ ಕೇಳಲು ಯಂತ್ರವೆಲ್ಲಿತ್ತು? ಚಾಚಿ ಅದನ್ನು ಸೀರೆಗಳ ನಡುವೆ ಸುತ್ತಿಟ್ಟುಕೊಂಡು ಮುಂಡಗೋಡಿಗೆ, ತಮ್ಮನ ಮನೆಗೆ ಹೋದರು. ಅವರು ತೀರಿಕೊಂಡಾಗ, ಇದೇನೋ ಕಂದು ಪಟ್ಟಿ ಎಂದು ಆ ಮನೆಯವರು ಎಸೆದರಂತೆ. ಅವರದೇನು ತಪ್ಪು, ಅವರಿಗೇನು ಗೊತ್ತು... ಆ ದಿನ ಸಾಹೇಬರ ಕೋಣೆಯಲ್ಲಿ ಕೂತು ಕೇಳಿದವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಚಾಚಾ ಆಡಿದ್ದನ್ನೆಲ್ಲ ಸಾಲು ಬಿಡದೆ ಹೇಳಬಲ್ಲೆ. ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂತರೂ, ಆ ದನಿ ಹೇಗಿತ್ತೆಂದು ಮಾತ್ರ ನೆನಪಾಗುವುದಿಲ್ಲ.